1 ಕಿ.ಮೀ. ಚೌಕದಲ್ಲಿ ಬೆಟ್ಟ ಕಾಣುವುದಿಲ್ಲ
ಕೊಡಗಿನ ತಡಿಯಂಡಮೋಳ್, ಪುಷ್ಪಗಿರಿ ಬೆಟ್ಟಗಳ ಅಪರೂಪದ ಕೀಟಗಳ ಆವಾಸ ನಕ್ಷೆಗೆ, ಜಗತ್ತಿನ ಹವಾಮಾನವನ್ನು ಚೌಕಚೌಕವಾಗಿ ಕೊಡುವ ವರ್ಲ್ಡ್‌ಕ್ಲಿಮ್ ದತ್ತಾಂಶವೊಂದೇ ಸಾಕು ಎಂಬ ಲೇಖನದ ಮಾತನ್ನು ಒಪ್ಪಲಾಗದು. ಅದರ ಒಂದು ಚೌಕವೇ ಸುಮಾರು 1 ಕಿ.ಮೀ. ಕಡಿದಾದ ಕಡೆ ಅಷ್ಟರೊಳಗೆ 300 ಮೀಟರ್ ಏರಿಳಿತ ಇರಬಹುದು, ಅಂದರೆ ಹೆಚ್ಚುಕಡಿಮೆ 2 ಡಿಗ್ರಿ ವ್ಯತ್ಯಾಸ. ಬೆಟ್ಟದ ಕಣಿವೆಗಳ ದಟ್ಟ ಶೋಲಾ ಕಾಡೂ ಹುಲ್ಲುಗಾವಲೂ ಒಂದೇ ಚೌಕಕ್ಕೆ ಬೀಳುತ್ತವೆ. 30 ಮೀಟರ್ ಎತ್ತರ ದತ್ತಾಂಶದಿಂದ ಇಳಿಜಾರು ಮತ್ತು ಅದರ ದಿಕ್ಕನ್ನು, ಸೆಂಟಿನೆಲ್ ಉಪಗ್ರಹ ಚಿತ್ರದಿಂದ ಹುಲ್ಲುಗಾವಲಿನ ಗಡಿಯನ್ನು ತೆಗೆದು ಸೇರಿಸಲೇಬೇಕು. ಚಿತ್ರ ಡಿಸೆಂಬರ್, ಜನವರಿಯದಿರಲಿ. ಮಳೆಗಾಲದಲ್ಲಿ ಬರೀ ಮೋಡ, ಮಾರ್ಚ್ ದಾಟಿದರೆ ಬೆಂಕಿ ಬಿದ್ದ ಕಪ್ಪು ನೆಲ ಗೊಂದಲ ಮಾಡುತ್ತದೆ.

ಇನ್ನೂ ದೊಡ್ಡ ತೊಂದರೆ ಹಿನ್ನೆಲೆ ಬಿಂದುಗಳದ್ದು, ಅಂದರೆ ಕೀಟ ಕಂಡ ಜಾಗಗಳೊಂದಿಗೆ ಹೋಲಿಸಲು ಆರಿಸುವ ಜಾಗಗಳದ್ದು. ಇಡೀ ಜಿಲ್ಲೆಯಿಂದ ಆರಿಸಿದರೆ, ಆವಾಸವನ್ನು ಅಂದಾಜಿಸುವ ಮ್ಯಾಕ್ಸೆಂಟ್ ತಂತ್ರಾಂಶ ಬೆಟ್ಟವನ್ನು ಕಾಫಿ ತೋಟದಿಂದ ಬೇರ್ಪಡಿಸಿಯೇ ಒಳ್ಳೆ ಅಂಕ ಗಳಿಸುತ್ತದೆ, ಕೀಟದ ಬಗ್ಗೆ ಏನೂ ಹೇಳಿರುವುದಿಲ್ಲ. 1200 ಮೀಟರಿನ ಮೇಲಿನಿಂದ ಮಾತ್ರ ಆರಿಸಿ, ಚಾರಣದ ದಾರಿ ಪಕ್ಕದ ಒತ್ತೊತ್ತು ಕೀಟ ದಾಖಲೆಗಳನ್ನೂ ಮೊದಲೇ ತೆಳು ಮಾಡಿ, ಅಂದರೆ ಹತ್ತಿರಹತ್ತಿರದವುಗಳಲ್ಲಿ ಕೆಲವನ್ನಷ್ಟೇ ಉಳಿಸಿ.