ಅರಿಜೋನಾ ಜಾಗ ಅಗ್ಗ ಇರಬಹುದು, ನೀರಿಗೆ ಗ್ಯಾರಂಟಿ ಇಲ್ಲ

'ಅರಿಜೋನಾದಲ್ಲಿ ಎಲ್ಲೇ ಜಾಗ ಕೊಂಡರೂ 100 ವರ್ಷದ ನೀರಿಗೆ ಸರ್ಕಾರವೇ ಗ್ಯಾರಂಟಿ' ಅಂತ ಅಮೆರಿಕದಲ್ಲಿರುವ ನಮ್ಮವರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ.

100 ವರ್ಷಕ್ಕೆ ಸಾಕಾಗುವಷ್ಟು ನೀರಿದೆ ಅಂತ ಮೊದಲೇ ತೋರಿಸಬೇಕು ಅನ್ನುವ 1980ರ ಅಂತರ್ಜಲ ಕಾಯ್ದೆಯ ನಿಯಮ ಇರುವುದು ಫೀನಿಕ್ಸ್, ಟೂಸಾನ್‌ನಂಥ ಕೆಲವು ಪ್ರದೇಶಗಳಿಗೆ ಮಾತ್ರ. ಅಲ್ಲೂ ಅದು ಆರು ಅಥವಾ ಜಾಸ್ತಿ ಸೈಟು ಮಾಡಿ ಮಾರುವ ಲೇಔಟಿಗೆ. ಜಾಗವನ್ನು ಐದೇ ತುಂಡು ಮಾಡಿ ಮಾರಿದರೆ ನೀರು ಎಲ್ಲಿಂದ ಬರುತ್ತದೆ ಅಂತ ತೋರಿಸಬೇಕಾಗಿಯೇ ಇಲ್ಲ, ಮಾರುವವರು ಈ ಸಂದಿಯಲ್ಲೇ ನುಸುಳುತ್ತಾರೆ.

ಫೀನಿಕ್ಸ್ ಹತ್ತಿರದ ರಿಯೊ ವರ್ಡೆ ಫುಟ್‌ಹಿಲ್ಸ್ ಅನ್ನುವ ಊರಲ್ಲಿ ಆಗಿದ್ದು ಇದೇ. ಬೋರ್ ಇಲ್ಲದ ನೂರಾರು ಮನೆಗಳು ಟ್ಯಾಂಕರ್ ನೀರನ್ನೇ ನಂಬಿದ್ದವು, ಪಕ್ಕದ ಸ್ಕಾಟ್ಸ್‌ಡೇಲ್ ನಗರ 2023ರ ಜನವರಿ 1ರಿಂದ ಆ ಟ್ಯಾಂಕರುಗಳಿಗೆ ನೀರು ನಿಲ್ಲಿಸಿಬಿಟ್ಟಿತು. ಒಳ್ಳೊಳ್ಳೆ ಮನೆ ಕಟ್ಟಿಕೊಂಡವರು ಪೇಪರ್ ತಟ್ಟೆಯಲ್ಲಿ ಊಟ ಮಾಡಿ, ಮಳೆನೀರು ಹಿಡಿದು ಟಾಯ್ಲೆಟ್ಟಿಗೆ ಸುರಿದರು. ಪಾಪ, ಎಷ್ಟು ಕಷ್ಟ ಅಲ್ವಾ?

ಬೆಟ್ಟ, ಬಿಸಿಲು, ವಿಶಾಲ ಆಕಾಶ ನೋಡಿ ಆಸೆಯಾಗುವುದು ಸಹಜ. ಆದರೆ ಅಡ್ವಾನ್ಸ್ ಕೊಡುವ ಮೊದಲು ಅಕ್ಕಪಕ್ಕದ ಬೋರ್ ಎಷ್ಟು ಆಳ ಹೋಗಿದೆ, ಜಾಗಕ್ಕೆ ಕಾನೂನುಬದ್ಧ ದಾರಿ ಇದೆಯಾ ಅಂತ ಕಾಗದ ತೆಗೆಸಿ ನೋಡಿ. ಇನ್ನೊಂದು, ಅಲ್ಲಿ ಜಾಗ ಕೊಂಡ ಮಾತ್ರಕ್ಕೆ ವೀಸಾ ಸಿಗುವುದಿಲ್ಲ.