ಸೋಲನ್ನು ಅಳೆದವರಿಗೂ ಅಂಕ ಕೊಡಿ

ನಿನ್ನೆ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಕಂಡದ್ದು ನನ್ನನ್ನು ಇನ್ನೂ ಕಾಡುತ್ತಿದೆ. ರಸ್ತೆ ಫಲಕಗಳನ್ನು ಗುರುತಿಸುವ ತಂತ್ರಾಂಶ ಮಾಡಿದ್ದ ಇಬ್ಬರು ವಿದ್ಯಾರ್ಥಿನಿಯರು, ಅದು ಎಲ್ಲೆಲ್ಲಿ ಮೋಸಹೋಗುತ್ತದೆ ಎಂಬುದನ್ನೂ ಶ್ರಮಪಟ್ಟು ಅಳೆದು ತಂದಿದ್ದರು. ತೀರ್ಪುಗಾರರೊಬ್ಬರು, "ಕೆಲಸ ಮಾಡದ್ದನ್ನು ಯಾಕಮ್ಮ ತೋರಿಸ್ತೀರಿ? ಅಕ್ಯುರೆಸಿ ಎಷ್ಟು, ಅಷ್ಟು ಹೇಳಿ" ಎಂದು ಮುಂದಿನ ಮೇಜಿಗೆ ನಡೆದರು. ಕೃತಕ ಬುದ್ಧಿಮತ್ತೆಯ ಈ ವಿಷಯವನ್ನು ಕಲಿಸುವುದೇ ನನ್ನ ಕೆಲಸ. ಹಾಗಾಗಿ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಆ ಮಕ್ಕಳು ಮಾಡಿದ್ದೇ ಸುರಕ್ಷಿತ ಕೃತಕ ಬುದ್ಧಿಮತ್ತೆಯ ಸಂಶೋಧನೆಯ ತಿರುಳು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ವಿಭಾಗದ ಪ್ರಾಧ್ಯಾಪಕರಾದ ಅಲೆಕ್ಸಾಂಡರ್ ಮ್ಯಾಡ್ರಿ ಮತ್ತು ಅವರ ಸಂಗಡಿಗರು 2017ರಲ್ಲಿ ಹೊರತಂದ ಪ್ರಬಂಧವನ್ನು ನೋಡಿ. ಸಿಫಾರ್-10 ಎಂಬ ಚಿತ್ರಸಂಗ್ರಹದಲ್ಲಿ ಶೇ. 95.2ರಷ್ಟು ಸರಿಯುತ್ತರ ಕೊಡುತ್ತಿದ್ದ ಮಾದರಿಯ (ಚಿತ್ರದಲ್ಲಿ ಏನಿದೆಯೆಂದು ಉದಾಹರಣೆಗಳಿಂದ ಕಲಿತು ಹೇಳುವ ತಂತ್ರಾಂಶದ) ಮುಂದೆ, ಪ್ರತಿ ಪಿಕ್ಸೆಲ್‌ನ ಬಣ್ಣದ ಮೌಲ್ಯವನ್ನು 255ರಲ್ಲಿ ಹೆಚ್ಚೆಂದರೆ 8ರಷ್ಟು ಮಾತ್ರ, ಅದು ಮೋಸಹೋಗುವಂತೆ ಲೆಕ್ಕಹಾಕಿ ಬದಲಿಸಿದ ಚಿತ್ರಗಳನ್ನಿಟ್ಟಾಗ, ಸರಿಯುತ್ತರ ಶೇ. 3.5ಕ್ಕೆ ಕುಸಿಯಿತು. ನಮ್ಮ ಕಣ್ಣಿಗೆ ಆ ಚಿತ್ರಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ತರಬೇತಿಯ ಹಂತದಲ್ಲಿಯೇ ಇಂಥ ಕೆಡಿಸಿದ ಚಿತ್ರಗಳನ್ನು ತೋರಿಸಿ ಮಾದರಿಯನ್ನು ಗಟ್ಟಿಗೊಳಿಸಿದ ಮೇಲೆ, ಇಂಥ ಚಿತ್ರಗಳ ದಾಳಿಯ ಎದುರು ಅದು ಶೇ. 45.8ರಷ್ಟು ಸರಿಯುತ್ತರ ಕೊಟ್ಟಿತು, ಆದರೆ ಸಹಜ ಚಿತ್ರಗಳ ಮೇಲಿನ ನಿಖರತೆ ಶೇ. 87.3ಕ್ಕೆ ಇಳಿಯಿತು. ಆ ಕೋಷ್ಟಕವನ್ನು ಮೊದಲ ಸಲ ಓದಿದಾಗ ನನಗೆ ಭಯವಾಗಿತ್ತು, ಜೊತೆಗೆ ಅದನ್ನು ಮುಚ್ಚಿಡದೆ ಅಚ್ಚು ಹಾಕಿಸಿದವರ ಬಗ್ಗೆ ಅಪಾರ ಗೌರವವೂ ಮೂಡಿತ್ತು. ಅವರು ಅಷ್ಟಕ್ಕೇ ನಿಲ್ಲದೆ, ತಮ್ಮ ಮಾದರಿಯನ್ನೇ ಸಾರ್ವಜನಿಕವಾಗಿ ಇಟ್ಟು, ಕೈಲಾದವರು ಇದನ್ನು ಸೋಲಿಸಿ ಎಂದು ಪಂಥಾಹ್ವಾನ ಕೊಟ್ಟರು. ನಿನ್ನೆಯ ಮೇಜಿನ ಮುಂದೆ ನಿಂತಿದ್ದರೆ ಅವರಿಗೂ ಬಹುಮಾನ ತಪ್ಪುತ್ತಿತ್ತು.

ಇವೆಲ್ಲ ಪ್ರಯೋಗಾಲಯದ ಆಟ, ಹೊರಗಿನ ಲೋಕದಲ್ಲಿ ಹೀಗೆ ಲೆಕ್ಕಹಾಕಿ ಚಿತ್ರ ಕೆಡಿಸುವವರು ಯಾರು ಎಂದು ಕೆಲವರು ಕೇಳುತ್ತಾರೆ. ಆದರೆ 2018ರ ಒಂದು ಪ್ರಬಂಧದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಡಾನ್ ಸಾಂಗ್ ಮತ್ತು ಇತರ ಸಂಶೋಧಕರು ನಿಜವಾದ 'ಸ್ಟಾಪ್' ಫಲಕದ ಮೇಲೆ ಕಪ್ಪು ಬಿಳುಪಿನ ಚೀಟಿಗಳನ್ನು ಅಂಟಿಸಿ, ಯಂತ್ರವು ಅದನ್ನು ವೇಗಮಿತಿಯ ಫಲಕವೆಂದು ಓದುವಂತೆ ಮಾಡಿ ತೋರಿಸಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕ ವೆಂಕಟೇಶ್ ಬಾಬು ಅವರ ತಂಡ, ಮಾದರಿಗೆ ತರಬೇತಿ ಕೊಟ್ಟ ಡೇಟಾವನ್ನು ನೋಡದೆಯೂ, ಯಾವ ಚಿತ್ರಕ್ಕಾದರೂ ಬೆರೆಸಬಹುದಾದ ಒಂದೇ ವಿಕೃತಿಯನ್ನು (ಪಿಕ್ಸೆಲ್‌ಗಳ ಸಣ್ಣ ಬದಲಾವಣೆಯನ್ನು) ರಚಿಸಿ ಮಾದರಿಯನ್ನು ದಾರಿತಪ್ಪಿಸಬಹುದೆಂದು 2017ರಲ್ಲಿ ತೋರಿಸಿತ್ತು. ಆದ್ದರಿಂದ ಆ ವಾದಕ್ಕೆ ಇನ್ನು ಬೆಲೆ ಕೊಡಬೇಕಿಲ್ಲ.

ನಮ್ಮಲ್ಲಿ ಮಾತ್ರ ಪ್ರಾಜೆಕ್ಟ್ ವರದಿಯಿಂದ ಹಿಡಿದು ಖರೀದಿಯ ಕಡತದವರೆಗೆ ಎಲ್ಲರೂ ಕೇಳುವುದು ನಿಖರತೆಯ (ಅಕ್ಯುರೆಸಿಯ) ಆ ಒಂದೇ ಅಂಕಿಯನ್ನು. ಇಂಥ ದಾಳಿಗಳ ವಿರುದ್ಧ ಪರಿಣತರು ಕಟ್ಟಿದ ರಕ್ಷಣೆಗಳೇ ಉಳಿಯುವುದು ಕಷ್ಟ: 2018ರಲ್ಲಿ ಸಂಶೋಧಕರಾದ ಅತಾಲ್ಯೆ, ಕಾರ್ಲಿನಿ ಮತ್ತು ವ್ಯಾಗ್ನರ್ ಅವರು ಒಂದು ಪ್ರತಿಷ್ಠಿತ ಸಮ್ಮೇಳನಕ್ಕೆ ಆಯ್ಕೆಯಾಗಿದ್ದ 9 ರಕ್ಷಣಾ ವಿಧಾನಗಳನ್ನು ಪರೀಕ್ಷಿಸಿದಾಗ, 6 ಪೂರ್ತಿಯಾಗಿಯೂ 1 ಭಾಗಶಃವೂ ಮುರಿದುಬಿದ್ದವು. ಮ್ಯಾಡ್ರಿ ತಂಡದ ವಿಧಾನ ಉಳಿದುಕೊಂಡಿತು. ತನ್ನ ವಿರುದ್ಧ ತಾನೇ ಅತಿ ಬಲವಾದ ದಾಳಿ ನಡೆಸಿ ನೋಡಿದ್ದು ಅದಕ್ಕೆ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಮೌಲ್ಯಮಾಪನ ಮಾಡುವ ಗೆಳೆಯರೇ, ಮುಂದಿನ ಸೆಮಿಸ್ಟರ್‌ನಿಂದ ನಿಮ್ಮ ಅಂಕಪಟ್ಟಿಯಲ್ಲಿ, ಮಾದರಿ ಯಾವಾಗ, ಎಷ್ಟು ಮತ್ತು ಏಕೆ ಸೋಲುತ್ತದೆ ಎಂಬುದಕ್ಕೆ ನಿಖರತೆಗೆ ಕೊಡುವಷ್ಟೇ ಅಂಕಗಳನ್ನು ಇಡಿ. ನಮ್ಮ ವಿಭಾಗದ ಸಭೆಯಲ್ಲಿ ಈ ಪ್ರಸ್ತಾವವನ್ನು ನಾನೇ ಲಿಖಿತವಾಗಿ ಮಂಡಿಸಲಿದ್ದೇನೆ.