ದೊಡ್ಡ ಪ್ಲಾನ್ ಬೇಡ, ಸರದಿ ಬೇಕು

ಮೊನ್ನೆ ಅಕ್ಕನ ಮಗಳಿಗೆ ಆನ್‌ಲೈನ್ ಇಂಟರ್‌ವ್ಯೂ. ಮದ್ದೂರಿನ ಹತ್ತಿರದ ನಮ್ಮೂರ ಮನೆಯಲ್ಲೇ ಕೂತಿದ್ದಳು. ಎರಡನೇ ಪ್ರಶ್ನೆಗೇ ದನಿ ತುಂಡುತುಂಡಾಯಿತು. ಪಕ್ಕದಲ್ಲಿ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಹಾಕಿ ನೋಡಿದೆ: ಬೆಳಿಗ್ಗೆ 15 ಮಿಲಿಸೆಕೆಂಡ್ ಇದ್ದದ್ದು 900 ದಾಟಿತ್ತು. ಮಹಡಿಯಲ್ಲಿ ನನ್ನ ತಮ್ಮ ಮದುವೆ ವಿಡಿಯೋ ಅಪ್‌ಲೋಡ್‌ಗೆ ಹಾಕಿ ಸ್ನಾನಕ್ಕೆ ಹೋಗಿದ್ದ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದರೆ "ದೊಡ್ಡ ಪ್ಲಾನ್ ತಗೊಳ್ಳಿ ಸಾರ್" ಅಂದರು. ನನಗೆ ಸಿಟ್ಟು ಬಂದದ್ದು ಆ ಮಾತಿಗೆ.

ನಮ್ಮದು ವಿ.ಸಿ. ನಾಲೆಯ ಕೊನೆ ಭಾಗ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ನಮ್ಮ ಗದ್ದೆಗೆ ನೀರು ತಡವಾಗಿ ಬಂದದ್ದುಂಟು. ಅಪ್ಪ ನೀರುಗಂಟಿಯಾಗಿದ್ದರು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೋಗಿ, ಗುದ್ದಲಿಯಲ್ಲಿ ಮಣ್ಣೆಳೆದು ಒಬ್ಬರ ಮಡೆ ಕಟ್ಟಿ ಇನ್ನೊಬ್ಬರದ್ದು ಬಿಡೋರು. ಒಬ್ಬನೇ ನಾಲ್ಕು ಪೈಪು ಇಳಿಸಿದರೂ ಅವನಿಗೆ ಒಂದೇ ಸರದಿ. ನೆಟ್ಟಿಗೂ ಬೇಕಾದ್ದು ಇಂಥದ್ದೇ ಸರದಿ.

ಇಂಟರ್‌ನೆಟ್ಟೂ ಒಮ್ಮೆ ಕಟ್ಟಿಕೊಂಡಿತ್ತು. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಕೂಗಳತೆಯಲ್ಲಿದ್ದ ಎರಡು ಸಂಸ್ಥೆಗಳ ನಡುವೆ ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದದ್ದು 40 ಬಿಟ್‌ಗೆ ಇಳಿಯಿತು. ಪಡೆಯುವ ಕಂಪ್ಯೂಟರ್ "ನನಗಿಷ್ಟೇ ಹಿಡಿಸುತ್ತೆ" ಅಂತ ಹೇಳುವ ಏರ್ಪಾಡು ಆಗಲೇ ಇತ್ತು. ನಡುದಾರಿ ತುಂಬಿದ್ದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿನ ಸಂಶೋಧಕ ವ್ಯಾನ್ ಜಾಕಬ್‌ಸನ್ 1988ರಲ್ಲಿ ಪರಿಹಾರ ಬರೆದರು: ಪ್ಯಾಕೆಟ್ (ಮಾಹಿತಿಯ ಸಣ್ಣ ತುಂಡು) ಕಳೆದುಹೋದರೆ ಕಳಿಸುವವನೇ ವೇಗ ತಗ್ಗಿಸಿ, ಆಮೇಲೆ ನಿಧಾನಕ್ಕೆ ಏರಿಸಬೇಕು. ಇಂದಿಗೂ ನೆಟ್ ನಿಂತಿರುವುದು ಈ ಸಂಯಮದ ಮೇಲೆ.

ಆದರೆ ಈ ಲೆಕ್ಕ ಮನುಷ್ಯರದ್ದಲ್ಲ, ಆಪ್ ಸರ್ವರ್ ಜೊತೆ ತೆರೆಯುವ ಕನೆಕ್ಷನ್‌ಗಳದ್ದು. ಹತ್ತು ಕನೆಕ್ಷನ್ ತೆರೆದ ಆಪ್‌ಗೆ ಹೆಚ್ಚುಕಮ್ಮಿ ಹತ್ತು ಪಾಲು. ಸರ್ವರ್ ಹತ್ತಿರವಿದ್ದವನು ಬೇಗ ಏರಿ ಜಾಸ್ತಿ ಎಳೆದುಕೊಳ್ಳುತ್ತಾನೆ, ಥೇಟ್ ನಾಲೆಯ ಮೇಲ್ಭಾಗದವರ ಹಾಗೆ. ಮೇಲಾಗಿ ನಮಗೆ ಕೊಟ್ಟ ರೂಟರ್‌ನಲ್ಲಿ ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ಅತಿಯಾಗಿತ್ತು. ಪ್ಯಾಕೆಟ್ ಬೇಗ ಕಳೆಯುವುದಿಲ್ಲ, ಸಾಲು ಬೆಳೆಯುತ್ತಲೇ ಹೋಗುತ್ತೆ. ಕಳಿಸುವವನಿಗೆ ತಗ್ಗಬೇಕೆಂಬ ಸುಳಿವು ಬೇಗ ಸಿಗಲ್ಲ. ಹುಡುಗಿಯ ಒಂದು ಮಾತು ಇಡೀ ಮದುವೆ ವಿಡಿಯೋದ ಹಿಂದೆ ನಿಂತಿತ್ತು!

ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡಿ ಸರದಿ ಕೊಡಿ ಅಂತ ಕಂಪ್ಯೂಟರ್ ಎಂಜಿನಿಯರ್ ಜಾನ್ ನೇಗಲ್ ಬರೆದದ್ದು 1985ರಲ್ಲಿ. ಇವತ್ತು ಅಂಥದ್ದು ಉಚಿತವಾಗಿಯೇ ಸಿಗುತ್ತೆ. ಹಳೇ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ, ಅದರಲ್ಲಿ ಸರದಿ ನೋಡಿಕೊಳ್ಳೋ 'ಕೇಕ್' ಅನ್ನೋದನ್ನ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ಲೈನಿಗಿಂತ ತುಸು ಕೆಳಗಿಟ್ಟೆ. ಹಾಗೆ ಹೊಂದಿಸಿದರೆ ಅದು ಮೊದಲು ಒಂದೊಂದು ಫೋನಿಗೂ ಸಮ ಪಾಲು ಹಾಕುತ್ತೆ, ಆಮೇಲೆ ಒಳಗಿನ ಕನೆಕ್ಷನ್‌ಗಳಿಗೆ. ತಮ್ಮ ಮತ್ತೆ ವಿಡಿಯೋ ಹಾಕಿದ. ಪಿಂಗ್ 30 ದಾಟಲಿಲ್ಲ. ಪ್ಲಾನ್ ಅದೇ, ಲೈನ್ ಅದೇ.

ನಿಮ್ಮ ಮನೆಯಲ್ಲೂ ದೊಡ್ಡ ಫೈಲೊಂದನ್ನು ಅಪ್‌ಲೋಡ್‌ಗೆ ಹಾಕಿ ಪಿಂಗ್ ನೋಡಿ. ನೂರಾರು ಮಿಲಿಸೆಕೆಂಡಿಗೆ ಜಿಗಿದರೆ ಕನೆಕ್ಷನ್ ಕೊಟ್ಟವರನ್ನು ಸ್ಪೀಡ್ ಕೇಳಬೇಡಿ, ಸರದಿ ಕೊಡೋ ರೂಟರ್ ಕೇಳಿ.